ಬೆಣೆ ಹೊಡೆದ ಕೈ

ಶಾಲೆಯಲ್ಲಿ ಪದಗಳನ್ನು ಕಲಿಸುವ ಪದದ ಟೀಚರ್ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಾಗ ನನ್ನ ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದರು. ಬೆಳಗ್ಗೆ ಶಾಲೆಯಲ್ಲಿ ನಡೆದದ್ದನ್ನು ನಾನು ಆಗಷ್ಟೇ ಅವರಿಗೆ ವರದಿ ಮಾಡಿ, ಅಪರಾಧಿ ಯಾರೆಂಬ ತೀರ್ಪನ್ನೂ ಕೊಟ್ಟು ಮುಗಿಸಿದ್ದೆ. ಅತ್ತೆ ಏನೂ ಹೇಳಿರಲಿಲ್ಲ. ಅವರು ಏನೂ ಹೇಳದಿದ್ದರೆ ನನ್ನ ಮಾತು ತಪ್ಪೆಂದೇ ಅರ್ಥ. ಇದು ಮದುವೆಯಾದಾಗಿನಿಂದ ನನಗೆ ಗೊತ್ತು.

ಟೀಚರ್ ಕೂರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು: "ಅಮ್ಮಾ, ನಾಳೆ ಮಧ್ಯಾಹ್ನದೊಳಗೆ ಸತ್ಯ ಗೊತ್ತಾಗಬೇಕು. ಇಲ್ಲದಿದ್ರೆ ಒಂದು ಮಗು ಮಾಡದ ತಪ್ಪನ್ನ ಎಲ್ಲರ ಮುಂದೆ ಒಪ್ಕೋಬೇಕು. ಅವಳು ಒಪ್ಪದೇ ಇದ್ರೆ ನನ್ನ ಪದದ ಕೋಣೆಗೆ ಬೀಗ."

"ಮಾಡದ ತಪ್ಪು ಅಂತ ನಿಮಗೆ ಹೇಗೆ ಗೊತ್ತು?" ಎಂದರು ಅತ್ತೆ.

"ಆ ಹುಡುಗಿ ನನಗೆ ಗೊತ್ತು."

"ಅದು ಸಾಕ್ಷಿ ಅಲ್ಲಮ್ಮ. ಕೂತ್ಕೊಳ್ಳಿ, ಬಟಾಣಿ ಸುಲೀತಾ ಮೊದಲಿಂದ ಹೇಳಿ. ಕೈಗೆ ಕೆಲಸ ಇದ್ರೆ ಮಾತು ನೇರ ಬರತ್ತೆ."

ಅತ್ತೆ ನಿವೃತ್ತಿಯಾಗುವವರೆಗೂ ವಿಮಾ ಕಂಪನಿಯಲ್ಲಿದ್ದವರು. ಸುಟ್ಟ ಗೋದಾಮು, ಸುಟ್ಟ ಗಿರಣಿಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಹೊತ್ತಿಕೊಂಡಿತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಬೂದಿ ಸಿಗದೆ, ನಮ್ಮ ಬೀದಿಯ ತಂಟೆಗಳನ್ನೆಲ್ಲ ಕೆದಕತೊಡಗಿದರು. ಅಳಿಯ ಮನೆ ತೊಳೆಯ ಎಂದು ಗಾದೆ ಇದೆ. ನಮ್ಮ ಮನೆಯಲ್ಲಿ ತೊಳೆಯುವ ಕೆಲಸ ಅತ್ತೆಯದು. ಯಾರ ಸುಳ್ಳನ್ನಾದರೂ ಅವರು ತಿಕ್ಕಿ ತೊಳೆಯುತ್ತಾರೆ. ಬಕೆಟ್ ಹೊತ್ತು ಹಿಂದೆ ಹೋಗುವವನು ನಾನು.

ನಾನು ಅದೇ ಶಾಲೆಯ ಡ್ರಿಲ್ ಮೇಷ್ಟ್ರು. ಎಡ, ಬಲ, ನಿಲ್ಲು, ಓಡು: ನನ್ನ ಕೆಲಸಕ್ಕೆ ಇಷ್ಟು ಮಾತು ಸಾಕು. ಹಾಗಾಗಿ ಪದದ ಟೀಚರ್ ಒಂದು ಖಾಲಿ ಕೋಣೆ ಕೇಳಿ ಮಕ್ಕಳನ್ನು ಪದ ಹುಡುಕಲು ಬೀದಿಗೆ ಬಿಟ್ಟಾಗ ನನಗೂ ನಗು ಬಂದಿತ್ತು. ಅವರ ನಿಯಮ ಬಿಗಿಯಾಗಿತ್ತು. ಹೊಸ ಪದ ಸಿಕ್ಕಿದರೆ ಮೊದಲು ನಿಘಂಟು ಮುಟ್ಟುವಂತಿಲ್ಲ. ಆ ಪದ ಬಳಸುವವರನ್ನು ಹುಡುಕಿಕೊಂಡು ಹೋಗಬೇಕು, ಕಣ್ಣಿಂದ ನೋಡಬೇಕು, ಕೈಯಿಂದ ಮಾಡಬೇಕು, ಆಮೇಲೆ ಬೇರೆಯವರಿಗೆ ಮಾಡಿ ತೋರಿಸಬೇಕು. ನಿಘಂಟು ಕೊನೆಗೆ, ನಾವು ಕಂಡದ್ದು ಅದಕ್ಕೂ ಗೊತ್ತೋ ಇಲ್ಲವೋ ನೋಡಲು. ಮಕ್ಕಳು ಗಡಿಯಾರ ರಿಪೇರಿಯವನ ಹತ್ತಿರ, ಬೆಸುಗೆ ಅಂಗಡಿಗೆ, ನೇಯುವವರ ಮನೆಗೆ ಹೋದರು. ಲಾಳಿ, ಕಮಾನು, ಒರೆಗಲ್ಲು, ತಿದಿ, ಒಂದೊಂದನ್ನೂ ಕಾಡಿ ಬೇಡಿ ತಂದು ಜೋಡಿಸಿದರು.

ಒಂದು ಸಲ ಮಕ್ಕಳು ಕೋಲು, ಗಡಿಗೆ, ಬಟ್ಟೆ ಮೂರನ್ನೂ ಹಾಳುಮಾಡಿ, ಕೋಲು ಮುರಿಯುತ್ತದೆ, ಗಡಿಗೆ ಒಡೆಯುತ್ತದೆ, ಬಟ್ಟೆ ಹರಿಯುತ್ತದೆ, ಒಂದರ ಪದ ಇನ್ನೊಂದಕ್ಕೆ ಕೂರುವುದಿಲ್ಲ ಎಂದು ನನಗೆ ಪಾಠ ಹೇಳಿದ್ದರು. ಅವತ್ತಿನಿಂದ ನಾನು ನಗುವುದು ಬಿಟ್ಟೆ.

ನಗು ಬಿಡದೆ ಇದ್ದವರು ಗಣಿತದ ಮೇಷ್ಟ್ರು. ಅರ್ಥವನ್ನು ಹತ್ತು ಸಲ ಬರೆಸಿ ಬಾಯಿಪಾಠ ಮಾಡಿಸಿದರೆ ಮುಗಿಯಿತು, ಈ ಗುಜರಿ ಅಂಗಡಿ ಯಾಕೆ ಎಂಬುದು ಅವರ ವಾದ. ಹೆಡ್ ಮೇಡಂ ಮಾತ್ರ ಪದದ ಟೀಚರ ಬೆನ್ನಿಗೆ ನಿಂತಿದ್ದರು. ಭಾಷೆಯಲ್ಲಿ ದೊಡ್ಡ ಓದು ಓದಿದವರು ಅವರು. ನಾಳೆ ಆಡಳಿತ ಮಂಡಳಿಯ ಅಧ್ಯಕ್ಷರು ಬಂದು ಕೋಣೆ ನೋಡಿ, ಅದನ್ನು ಮುಂದುವರಿಸಬೇಕೋ ಬೇಡವೋ ಹೇಳುವವರಿದ್ದರು.

ಈಗ ಬಿದ್ದದ್ದು ಆ ಕೋಣೆಯ ಕಪಾಟು. ಬಾಗಿಲಿಲ್ಲದ, ನನ್ನ ಹೆಗಲೆತ್ತರದ ಮರದ ಕಪಾಟು. ಒಂದೇ ಒಂದು ಮೊಳೆ ಇರಲಿಲ್ಲ. ಅಡ್ಡ ಹಲಗೆಗಳ ತುದಿಯನ್ನು ನಾಲಿಗೆಯಂತೆ ಕೆತ್ತಿ, ಅದು ಪಕ್ಕದ ಹಲಗೆಯ ಕಂಡಿಯಲ್ಲಿ ತೂರಿ ಹೊರಗೆ ಇಣುಕುವಂತೆ ಮಾಡಿ, ಹೊರಬಂದ ನಾಲಿಗೆಯ ತೂತಿಗೆ ಕೆಂಪು ವಾರ್ನಿಷ್ ಬಳಿದ ಮರದ ಬೆಣೆ ಹೊಡೆದು ಬಿಗಿದಿದ್ದರು. ಬಡಗಿಯ ಬಿಡಿ ಹಲಗೆಗಳು ಬಂದ ದಿನ ಪದದ ಟೀಚರ್ ಇಡೀ ಶಾಲೆಯನ್ನು ಕರೆದು, ಬೆಣೆ ಎಂದರೇನು ಎಂದು ಎಲ್ಲರ ಕೈಯಿಂದಲೂ ಕಲಿಸಿದರು. ಮಕ್ಕಳು, ಮೇಷ್ಟ್ರುಗಳು, ಗುಡಿಸುವ ಅಕ್ಕ, ಎಲ್ಲರೂ ಮರದ ಕೊಡತಿ ಹಿಡಿದು ಒಂದೊಂದು ಏಟು ಹೊಡೆದೆವು. ಗಣಿತದ ಮೇಷ್ಟ್ರು ತಮ್ಮ ಹೆಬ್ಬೆರಳಿಗೇ ಹೊಡೆದುಕೊಂಡು, ಬೆಣೆಗೂ ಬಡಗಿಗೂ ಸೇರಿಸಿ ಬೈದರು. ಹೆಡ್ ಮೇಡಂ ತರಬೇತಿಗೆಂದು ಹೊರಗೆ ಹೋಗಿದ್ದವರು, ವಾಪಸು ಬಂದು ಕಪಾಟು ಕಂಡು ಹೊಗಳಿದ್ದೇ ಹೊಗಳಿದ್ದು.

"ಸರಿ, ಹುಡುಗಿ ಯಾರು?" ಎಂದು ಅತ್ತೆ ಕೇಳಿದರು.

ಹುಡುಗಿಯನ್ನು ಶಾಲೆಯಲ್ಲಿ ಎಲ್ಲರೂ ಯಾಕಮ್ಮ ಎನ್ನುತ್ತಾರೆ. ಅವಳ ಅಮ್ಮ ದರ್ಜಿ. ಯಾವ ಮಾತಿಗೂ "ಯಾಕೆ?" ಎನ್ನದೆ ಬಿಟ್ಟವಳಲ್ಲ. ಎಡಗಾಲು ಮೊದಲು ಎಂದು ನಾನು ಕೂಗಿದರೆ ಬಲಗಾಲು ಯಾಕಲ್ಲ ಎಂದು ಕೇಳಿ ಇಡೀ ಸಾಲನ್ನು ನಿಲ್ಲಿಸಿದವಳು. ಈ ವಾರ ಕೋಣೆಯ ಬೀಗದ ಕೈ ಅವಳ ಹತ್ತಿರ ಇತ್ತು. ಇನ್ನೊಂದು ಬೀಗದ ಕೈ ಆಫೀಸಿನ ಗೋಡೆಯ ಗೂಟದಲ್ಲಿ ನೇತಾಡುತ್ತದೆ. ಶಾಲೆಯ ದೊಡ್ಡವರು ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ನಿನ್ನೆ ಮಧ್ಯಾಹ್ನ, ಅಧ್ಯಕ್ಷರು ಬರುವ ಕಾರ್ಯಕ್ರಮದ ತಾಲೀಮು ನಡೆದಿತ್ತು. ಹೆಡ್ ಮೇಡಂ ತಮ್ಮ ಭಾಷಣ ಓದುತ್ತ, ಬೆಣೆ ಎಂದರೆ ಒಂದು ಬಗೆಯ ಮರದ ಮೊಳೆ ಎಂಬುದು ಇಂದು ನಮ್ಮ ಪುಟ್ಟ ಮಕ್ಕಳಿಗೂ ತಿಳಿದಿದೆ ಎಂದರು. ಯಾಕಮ್ಮ ಎದ್ದು, "ಯಾಕೆ ಮೊಳೆ ಅಂತೀರಿ ಮೇಡಂ?" ಎಂದಳು. ಮಕ್ಕಳು ಕಿಸಕ್ಕನೆ ನಕ್ಕರು. ನಿಘಂಟಿನಲ್ಲಿ ಹಾಗೇ ಇದೆ ಎಂದು ಮೇಡಂ ಹೇಳಿದರು. ಗಣಿತದ ಮೇಷ್ಟ್ರು ಅವಳನ್ನು ಗದರಿಸಿ, ತಾಲೀಮು ಮುಗಿಯುವವರೆಗೂ ಮೂಲೆಯಲ್ಲಿ ನಿಲ್ಲಿಸಿದರು. ಆ ಸಿಟ್ಟಿಗೇ ಹುಡುಗಿ ಕಪಾಟು ತಳ್ಳಿದಳು ಎಂಬುದು ಈಗ ಅವರ ಲೆಕ್ಕಾಚಾರ.

ಮೈದಾನ ಅಗೆದು ಸಮ ಮಾಡುತ್ತಿದ್ದುದರಿಂದ ಕೆಲವು ದಿನಗಳಿಂದ ನಾನು ಮಹಡಿಯ ಹಾಲಿನಲ್ಲೇ ಡ್ರಿಲ್ ಮಾಡಿಸುತ್ತಿದ್ದೆ. ಹಳೆಯ ಕಟ್ಟಡ, ಹಲಗೆಯ ನೆಲ. ಅದರ ಸರಿ ಕೆಳಗೆ ಪದದ ಕೋಣೆ. ಇವತ್ತು ಬೆಳಗ್ಗೆ ಮಕ್ಕಳು ಕುಪ್ಪಳಿಸುತ್ತಿದ್ದಾಗ ಕೆಳಗೆ ದಡಬಡ ಸದ್ದು, ಗಾಜು ಒಡೆದ ಸದ್ದು. ಓಡಿ ಇಳಿದೆ. ಪದದ ಕೋಣೆಯ ತೆರೆದ ಬಾಗಿಲಲ್ಲಿ ಯಾಕಮ್ಮ ಒಂದು ಕೈಯಲ್ಲಿ ಬೀಗ, ಇನ್ನೊಂದು ಕೈಯಲ್ಲಿ ಮಡಿಸಿದ ಬಟ್ಟೆ ಹಿಡಿದು ನಿಂತಿದ್ದಳು. ಕಪಾಟಿಗೆ ಹಾಸಲೆಂದು ಅವಳ ಅಮ್ಮ ಅಂಚು ಹೊಲಿದುಕೊಟ್ಟ ಬಟ್ಟೆ ಅದು. ಬೀಗ ತೆಗೆಯುತ್ತಿದ್ದಾಗಲೇ ಒಳಗೆ ಸದ್ದಾಯಿತು ಎಂದಳು. ಬೀಗ ಹಾಕಿದ ಕೋಣೆಯಲ್ಲಿ ಕಪಾಟು ತಾನಾಗಿ ಬೀಳುತ್ತದೆಯೇ ಎಂದು ಗಣಿತದ ಮೇಷ್ಟ್ರು ಅವಳ ರಟ್ಟೆ ಹಿಡಿದರು. ಯಾರೂ ಅವಳ ಮಾತು ನಂಬಲಿಲ್ಲ.

ಹೆಡ್ ಮೇಡಂ ಬಂದು ನೋಡಿದವರೇ ಮುಖ ಬಿಳಿಚಿಕೊಂಡು ಕುರ್ಚಿ ಎಳೆದು ಕೂತುಬಿಟ್ಟರು. ಆಮೇಲೆ, ಮಕ್ಕಳಿಂದ ಆಗುವುದೇ ಹೀಗೆ, ತನಿಖೆ ಗಿನಿಖೆ ಬೇಡ, ಅವಳು ಒಂದು ಮಾತು ತಪ್ಪಾಯಿತು ಅಂದುಬಿಡಲಿ, ಶಿಕ್ಷೆ ಇಲ್ಲ ಎಂದರು. ಎಂಥ ಹೆಂಗರುಳು ಎಂದು ನಾನು ಮೆಚ್ಚಿಕೊಂಡೆ. ಅಧ್ಯಕ್ಷರಿಗೂ ಫೋನಿನಲ್ಲಿ ಅದನ್ನೇ ಹೇಳಿದರು. ಹುಡುಗಿ ನಾಳೆ ಎಲ್ಲರೆದುರು ಒಪ್ಪಿಕೊಂಡರೆ ನೋಡೋಣ, ಇಲ್ಲವಾದರೆ ಇಂಥ ಮಕ್ಕಳ ಕೈಗೆ ಕೋಣೆ ಕೊಡುವುದು ಬೇಡ ಎಂದು ಅಧ್ಯಕ್ಷರು ಉತ್ತರಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಆದರೆ ಯಾಕಮ್ಮ ಒಪ್ಪಲಿಲ್ಲ. "ನಾನು ಮಾಡಿಲ್ಲ" ಎಂದವಳು ಅಲ್ಲಿಂದ ಮುಂದೆ ಬಾಯಿ ತೆರೆದಿರಲಿಲ್ಲ.

"ಅಳಿಯಂದಿರ ತೀರ್ಪು ಕೇಳಿದ್ರಾ?" ಎಂದು ಅತ್ತೆ ಟೀಚರನ್ನು ಕೇಳಿದರು. "ಗಣಿತದ ಮೇಷ್ಟ್ರೇ ಮಾಡಿದ್ದು ಅಂತಾರೆ."

"ಇನ್ಯಾರು ಮಾಡ್ತಾರೆ? ಮೊದಲಿಂದಲೂ ಅವರಿಗೆ ಆ ಕೋಣೆ ಕಂಡ್ರೆ ಆಗಲ್ಲ" ಎಂದೆ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ. ಅವರು ಹುಡುಗಿ ಅಂತಾರೆ, ನೀವು ಅವರು ಅಂತೀರಿ. ಎತ್ತು ನೋಡಿದವರು ಯಾರೂ ಇಲ್ಲ." ಅತ್ತೆ ಬಟಾಣಿ ಸಿಪ್ಪೆ ಕೊಡವಿ ಎದ್ದರು. "ಚಪ್ಪಲಿ ಹಾಕ್ಕೊಳ್ಳಿ."

ಕೋಣೆಯನ್ನು ಪದದ ಟೀಚರ್ ಹಾಗೆಯೇ ಬೀಗ ಹಾಕಿ ಇಟ್ಟಿದ್ದರು. ಅತ್ತೆ ಮೊದಲು ಆ ಬೀಗವನ್ನೇ ಹಿಡಿದು ತಿರುಗಿಸಿ ನೋಡಿದರು. ಅದರ ಬುಡದ ಅಂಚಿನಲ್ಲಿ ಕೆಂಪು ಬಣ್ಣ ಅಂಟಿತ್ತು. ಉಗುರಿನಿಂದ ಕೆರೆದು ಮೂಸಿದರು. ಆಮೇಲೆ ಒಳಗೆ ಹೋಗಿ, ಸೀರೆ ಎತ್ತಿ ಸಿಕ್ಕಿಸಿ ನೆಲದ ಮೇಲೆ ಕೂತರು.

ಕಪಾಟು ಎಡಕ್ಕೆ ವಾಲಿ ನಿಂತಿತ್ತು. ಮೇಲಿನ ಹಲಗೆಯ ಬಲತುದಿ ಕಂಡಿಯಲ್ಲೇ ಇತ್ತು. ಎಡತುದಿ ಹೊರಗೆ ಜಾರಿ ಕೆಳಗಿನ ಹಲಗೆಗಳ ಮೇಲೆ ಬಿದ್ದಿತ್ತು. ಸಾಮಾನುಗಳೆಲ್ಲ ಆ ಇಳಿಜಾರಿನಲ್ಲಿ ಉರುಳಿ ಎಡಮೂಲೆಯಲ್ಲಿ ಗುಡ್ಡೆಯಾಗಿದ್ದವು. ಗಡಿಯಾರದವನು ಎರವಲು ಕೊಟ್ಟಿದ್ದ ಮರಳು ಗಡಿಯಾರ ಚೂರು ಚೂರಾಗಿತ್ತು. ಕೋಣೆಯ ಉಳಿದ ಕಡೆ ಒಂದು ಗುಂಡುಸೂಜಿಯೂ ಬಿದ್ದಿರಲಿಲ್ಲ. ಅತ್ತೆ ಗುಡ್ಡೆಯನ್ನು ಪದರ ಪದರವಾಗಿ ತೆಗೆಸಿದರು. ಎಲ್ಲಕ್ಕಿಂತ ಅಡಿಯಲ್ಲಿ, ಗಾಜಿಗೂ ಮರಳಿಗೂ ಕೆಳಗೆ, ಬರಿ ನೆಲದ ಮೇಲೆ ಒಂದು ಬೆಣೆ ಸಿಕ್ಕಿತು. ಉಳಿದ ಬೆಣೆಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು. ಸಿಕ್ಕ ಬೆಣೆಯ ದಪ್ಪ ತುದಿಯಲ್ಲಿ ಅರ್ಧಚಂದ್ರದಂಥ ಹೊಸ ತಗ್ಗುಗಳಿದ್ದವು. ಹೊರಜಾರಿದ ಹಲಗೆಯ ನಾಲಿಗೆಯ ತೂತನ್ನು ಅತ್ತೆ ಕೆಳಗಿನಿಂದ ಬೆರಳಾಡಿಸಿ ನೋಡಿ, ನನಗೂ ನೋಡಲು ಹೇಳಿದರು. ಕೆಳಗಿನ ಬಾಯಿಯ ಅಂಚು ಜಜ್ಜಿ ಸಿಬಿರೆದ್ದಿತ್ತು; ಮೇಲಿನ ಬಾಯಿ ನುಣ್ಣಗಿತ್ತು.

"ಮೇಲಿನ ಹಾಲಲ್ಲಿ ಎಷ್ಟು ದಿನದಿಂದ ಕುಣಿಸ್ತಿದ್ದೀರಿ?" ಎಂದು ನನ್ನನ್ನು ಕೇಳಿದರು.

"ಒಂದು ವಾರದ ಮೇಲಾಯ್ತು."

"ಅಷ್ಟು ದಿನ ಕುಣಿದ್ರೂ ಬೀಳದ್ದು ಇವತ್ತು ಬಿತ್ತು." ಅವರು ಬೆಣೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಇನ್ನೂ ಇದ್ದರು. ಅತ್ತೆ ಮಾತಿಲ್ಲದೆ ಬೆಣೆಯನ್ನು ಅವರ ಮುಂದೆ ಚಾಚಿದರು. ಅವರು ಅದನ್ನು ಚೂಪು ತುದಿ ಕೆಳಗಾಗಿ ಹಿಡಿದು, ಇದನ್ನು ಕಂಡರೆ ಈಗಲೂ ಬೆರಳು ಜುಮ್ಮೆನ್ನುತ್ತದೆ ಎಂದು ಮುಖ ಸಿಂಡರಿಸಿದರು. ಅವರ ಹೆಬ್ಬೆರಳಿನ ಉಗುರು ಇನ್ನೂ ಕಪ್ಪಗಿತ್ತು. ಆ ಕೋಣೆ ಮುಚ್ಚಿದರೆ ತಮಗೆ ಸಂತೋಷವೇ, ಆದರೆ ಮುಚ್ಚಿಸಲು ತಮ್ಮ ಬಾಯಿ ಸಾಕು, ಕೈ ಬೇಕಿಲ್ಲ ಎಂದೂ ಹೇಳಿದರು. ಹೆಡ್ ಮೇಡಂಗೆ ಚಾಚಿದಾಗ ಅವರು ಮುಟ್ಟಲೇ ಇಲ್ಲ. ಅದನ್ನು ನೋಡಿದರೆ ಸಂಕಟವಾಗುತ್ತದೆ, ಆ ಕಡೆ ಇಡಿ ಎಂದು ಮುಖ ತಿರುಗಿಸಿದರು. ಪಾಪ, ಎಷ್ಟು ಹಚ್ಚಿಕೊಂಡಿದ್ದಾರೆ ಎಂದುಕೊಂಡೆ.

ದರ್ಜಿಯ ಮನೆ ಎಂದರೆ ಮುಂದೆ ಅಂಗಡಿ, ಹಿಂದೆ ಸಂಸಾರ, ನಡುವೆ ಒಂದು ಪರದೆ. ಯಾಕಮ್ಮ ಹೊಲಿಗೆ ಯಂತ್ರದ ಕೆಳಗೆ, ಬಟ್ಟೆ ಚೂರುಗಳ ನಡುವೆ ಮೊಣಕಾಲು ತಬ್ಬಿ ಕೂತಿದ್ದಳು. ನಮ್ಮನ್ನು ನೋಡಿಯೂ ನೋಡದಂತೆ ಇದ್ದಳು.

"ಯಾಕೆ ಯಾಕೆ ಅಂತ ಹುಟ್ಟಿದಾಗಿಂದ ನನ್ನ ತಲೆ ತಿಂದಿದಾಳೆ" ಎಂದರು ಅವಳ ಅಮ್ಮ. "ಒಂದು ದಿನ ಸುಮ್ಮನಿರಬಾರದಾ ಅಂತ ನಾನೇ ಬೈತಿದ್ದೆ. ಈಗ ಸುಮ್ಮನಾಗಿದಾಳೆ, ನನಗೆ ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ. ಒಂದು ಸಾರಿ ಒಪ್ಕೊಂಡ್ಬಿಡು ಅಂತ ಹೇಳಿಬಿಡ್ಲಾ ಅಮ್ಮಾ?"

"ಹೇಳಬೇಡಿ" ಎಂದರು ಅತ್ತೆ. ನೆಲಕ್ಕೆ ಕೂತು ಬೆಣೆಯನ್ನು ಹುಡುಗಿಯ ಮುಂದೆ ಇಟ್ಟರು. ಅದನ್ನು ಹೇಗೆ ಕೂರಿಸಬೇಕು ಎಂದು ಕೇಳಿದರು. ಯಾಕಮ್ಮ ಅದನ್ನು ಎತ್ತಿಕೊಂಡಳು. ಆಮೇಲೆ ಎಡಗೈಯ ಬೆರಳು ಮಡಿಸಿ ತೂತು ಮಾಡಿ, ಬೆಣೆಯ ಚೂಪು ತುದಿಯನ್ನು ಮೇಲಿನಿಂದ ಅದರೊಳಗೆ ಇಳಿಸಿ, ಬಲಗೈ ಮುಷ್ಟಿಯಿಂದ ತಲೆಯ ಮೇಲೆ ಗುದ್ದಿ ತೋರಿಸಿದಳು. ಒಂದು ಮಾತೂ ಆಡಲಿಲ್ಲ. ಈ ಮಗುವಿನ ಮಾತು ವಾಪಸು ಬರದಿದ್ದರೆ ನನ್ನ ಸೀಟಿ ಊದಿ ಏನು ಪ್ರಯೋಜನ ಎಂದು ದಾರಿಯಲ್ಲಿ ಅತ್ತೆಗೆ ಹೇಳಿಯೂ ಬಿಟ್ಟೆ.

"ಬರತ್ತೆ" ಎಂದರು ಅವರು. "ಬರಿಸೋಣ."

ಮರುದಿನ ಬೆಳಗ್ಗೆ ಅತ್ತೆ ಪದದ ತರಗತಿಯ ಮಕ್ಕಳನ್ನೆಲ್ಲ ಕೋಣೆಗೆ ಕರೆದರು. ಯಾಕಮ್ಮನೂ ಬಂದು ಹಿಂದೆ ನಿಂತಳು. ಎಲ್ಲರೂ ಕಪಾಟು ಬಿತ್ತು, ಕಪಾಟು ಬಿತ್ತು ಎನ್ನುತ್ತಿದ್ದಾರೆ, ಆದರೆ ಅದು ಸೋಮಾರಿ ಪದ ಎಂದರು ಅತ್ತೆ. ಏನಾಯಿತೋ ಅದಕ್ಕೆ ಸರಿಯಾಗಿ ಕೂರುವ ಪದ ಹುಡುಕಿ, ಸಾಕ್ಷಿ ಇಲ್ಲದ ಪದ ತರಬೇಡಿ ಎಂದು ಹೇಳಿ, ತಾವು ಕಿಟಕಿ ಪಕ್ಕ ಕೂತು ಕಣ್ಣುಮುಚ್ಚಿಕೊಂಡರು. ಮಕ್ಕಳು ನೆಲಕ್ಕೆ ಮೂಗು ಹಚ್ಚಿದರು, ಹಲಗೆ ಮೂಸಿದರು, ಒಬ್ಬರ ಪದವನ್ನು ಒಬ್ಬರು ಹೊಡೆದುಹಾಕಿದರು, ಜಗಳವಾಡಿದರು. ನಡುವೆ ಬಿಡಿಸಲು ಹೋದ ನನಗೆ ಅತ್ತೆ ಕಣ್ಣು ತೆರೆಯದೆಯೇ ಸುಮ್ಮನಿರಲು ಹೇಳಿದರು.

ಮಧ್ಯಾಹ್ನ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದೆವು. ಹಲ್ಲಿನ ಡಾಕ್ಟರಾದ ಅಧ್ಯಕ್ಷರು ಕುರ್ಚಿಯಲ್ಲಿ ನೆಟ್ಟಗೆ ಕೂತು ಗಡಿಯಾರ ನೋಡಿಕೊಂಡರು. ಹೆಡ್ ಮೇಡಂ ಅವರ ಪಕ್ಕ ಕೂತರು. ಮೇಷ್ಟ್ರುಗಳು ಗೋಡೆಗೆ ಒರಗಿದರು, ಮಕ್ಕಳು ನೆಲದ ಮೇಲೆ, ದರ್ಜಿ ಬಾಗಿಲ ಹತ್ತಿರ. ಹುಡುಗಿಯನ್ನು ಕರೆದು ಮುಗಿಸಿಬಿಡೋಣ ಎಂದು ಅಧ್ಯಕ್ಷರು ಶುರುಮಾಡಿದರು. ಮೊದಲು ಮಕ್ಕಳು ಒಂದು ಪದ ಹೇಳುತ್ತಾರೆ ಎಂದು ಅತ್ತೆ ಅವರನ್ನು ತಡೆದರು.

"ಉರುಳಲಿಲ್ಲ" ಎಂದು ಒಬ್ಬ ಹುಡುಗ ಎದ್ದು ಹೇಳಿದ. ತಳ್ಳಿದ್ದರೆ ಕಪಾಟು ಮುಂದಕ್ಕೆ ಉರುಳಿ ಸಾಮಾನು ಕೋಣೆಯ ತುಂಬ ಚೆಲ್ಲಬೇಕಿತ್ತು, ಎಲ್ಲವೂ ಕಪಾಟಿನ ಬುಡದಲ್ಲೇ ಇದ್ದವು. ಮುರಿಯಲೂ ಇಲ್ಲ ಎಂದಳು ಇನ್ನೊಬ್ಬಳು. ಒಂದು ಹಲಗೆಯೂ ಎರಡಾಗಿಲ್ಲ. ಕುಸಿಯಿತು ಎಂದವರನ್ನೂ ಉಳಿದವರು ಸೋಲಿಸಿದ್ದರಂತೆ, ಯಾಕೆಂದರೆ ಕುಸಿದರೆ ಬುಡದಿಂದ ಇಳಿಯಬೇಕು, ಇಲ್ಲಿ ಬುಡ ಗಟ್ಟಿಯಾಗಿ ನಿಂತಿತ್ತು. ಕೊನೆಗೆ ಉಳಿದದ್ದು ಒಂದೇ ಪದ.

"ಕಳಚಿತು" ಎಂದರು ಮಕ್ಕಳು ಒಟ್ಟಾಗಿ. ಕೂಡಿಸಿದ್ದು ಕೂಡಿಸಿದ ಜಾಗದಲ್ಲೇ ಬಿಟ್ಟುಕೊಂಡಿತು.

"ಈಗ ನನ್ನ ಕೆಲಸ ಸುಲಭ" ಎಂದರು ಅತ್ತೆ. "ತಳ್ಳಿದರು ಅನ್ನೋ ಮಾತು ಇಲ್ಲಿಗೆ ಮುಗೀತು. ಕಳಚಿದ್ದು ಮೇಲಿನ ಹಲಗೆಯ ಎಡತುದಿ. ಅದನ್ನ ಹಿಡಿದಿದ್ದು ಈ ಬೆಣೆ. ಗುಡ್ಡೆಯ ಎಲ್ಲಕ್ಕಿಂತ ಅಡಿಯಲ್ಲಿ ಸಿಕ್ತು. ಅಂದ್ರೆ ಎಲ್ಲಕ್ಕಿಂತ ಮೊದಲು ನೆಲಕ್ಕೆ ಬಂದಿದ್ದು ಇದೇ. ಆಗ ಕೋಣೆಯೊಳಗೆ ಯಾರೂ ಇರಬೇಕಾಗಿಲ್ಲ. ಮೇಲೆ ನಮ್ಮ ಅಳಿಯಂದ್ರು ಮಕ್ಕಳನ್ನ ಕುಣಿಸ್ತಿದ್ರು, ಅದುರಿಗೆ ಉದುರಿತು. ಯಾಕಮ್ಮ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಅವಳು ಬೀಗ ತೆಗೆಯೋ ಹೊತ್ತಿಗೆ ಒಳಗೆ ಸದ್ದಾಯ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಹಾಗಾದರೆ ತಪ್ಪು ಡ್ರಿಲ್ ಮೇಷ್ಟ್ರದು ಎಂದು ಗಣಿತದ ಮೇಷ್ಟ್ರು ಸಂತೋಷದಿಂದ ಹೇಳಿದರು. ಅತ್ತೆ ತಲೆಯಾಡಿಸಿದರು. ಒಂದು ವಾರ ಕುಣಿದರೂ ಅಲ್ಲಾಡದ ಬೆಣೆ ನಿನ್ನೆ ಮಾತ್ರ ಉದುರಿತು. ಮೊನ್ನೆ ಸಂಜೆ ಕೋಣೆಗೆ ಬೀಗ ಬಿದ್ದ ಮೇಲೆ ಯಾರೋ ಒಳಗೆ ಬಂದು ಬೆಣೆಯನ್ನು ತೆಗೆದು, ಮತ್ತೆ ಹಾಕಿದ್ದಾರೆ ಎಂದರು. ಅಧ್ಯಕ್ಷರಿಗೆ ಹಲಗೆಯ ನಾಲಿಗೆ ತೋರಿಸಿ, ತೂತು ಮೇಲೆ ಅಗಲ, ಕೆಳಗೆ ಸಣ್ಣ, ಬೆಣೆ ಮೇಲಿನಿಂದ ಇಳಿದರೆ ಭಾರ ಬಿದ್ದಷ್ಟೂ ಬಿಗಿಯುತ್ತದೆ ಎಂದು ವಿವರಿಸಿದರು. ಜಜ್ಜಿದ್ದು ಕೆಳಗಿನ ಬಾಯಿ. ಬೆಣೆಯನ್ನು ಕೆಳಗಿನಿಂದ ಮೇಲಕ್ಕೆ ಹೊಡೆದಿದ್ದಾರೆ. ಅದು ಒಂದು ಬೆರಳಷ್ಟು ಹೋಗಿ ಕಚ್ಚಿಕೊಂಡಿತ್ತು ಅಷ್ಟೇ. ಹೊಡೆದದ್ದು ಕೈಯಲ್ಲಿದ್ದ ಬೀಗದಿಂದ. ಬೆಣೆಯ ತಲೆಯ ಮೇಲಿನ ತಗ್ಗಿಗೆ ಬೀಗದ ಬುಡ ಸರಿಯಾಗಿ ಕೂರುತ್ತಿತ್ತು, ಬೆಣೆಯ ಕೆಂಪು ವಾರ್ನಿಷ್ ಬೀಗಕ್ಕೆ ಅಂಟಿತ್ತು.

ಕಪಾಟು ಬೀಳಲೆಂದೇ ಹಾಗೆ ಮಾಡಿರಬಹುದಲ್ಲ ಎಂದು ಅಧ್ಯಕ್ಷರು ಕೇಳಿದರು.

"ಬೀಳಲಿ ಅನ್ನೋರು ಬೆಣೆ ಕಿತ್ತು ಜೇಬಿಗೆ ಹಾಕ್ಕೊಂಡು ಹೋಗ್ತಾರೆ ಸಾರ್. ಇವರು ಮತ್ತೆ ಮತ್ತೆ ಬಡಿದಿದಾರೆ. ನಿಲ್ಲಲಿ ಅಂತ ಬಡಿದ ಏಟು ಇವು. ಇದು ದ್ವೇಷ ಅಲ್ಲ. ಬೆಣೆ ಅಂದ್ರೇನು ಅಂತ ಕೈಗೆ ಗೊತ್ತಿಲ್ಲದವರ ಕೆಲಸ." ಅತ್ತೆ ಸುತ್ತ ನೋಡಿದರು. ಹುಡುಗಿಯ ಕೈಗೆ ಗೊತ್ತು, ನಿನ್ನೆ ನೋಡಿದೆ ಎಂದರು. ಗಣಿತದ ಮೇಷ್ಟ್ರ ಕೈಗೆ ಗೊತ್ತು, ಅವರ ಉಗುರೇ ಸಾಕ್ಷಿ. ಕಪಾಟು ನಿಲ್ಲಿಸಿದ ದಿನ ಇಡೀ ಶಾಲೆ ಇದನ್ನು ಮೇಲಿನಿಂದ ಹೊಡೆದು ಕಲಿತಿದೆ. ನಿಘಂಟಿನಲ್ಲಿ ಮಾತ್ರ ಓದಿದವರಿಗೆ ಇದು ಮರದ ಮೊಳೆ, ಮೊಳೆಯನ್ನು ಯಾವ ಕಡೆಯಿಂದ ಹೊಡೆದರೂ ನಡೆಯುತ್ತದೆ.

"ಅವತ್ತು ಬೆಣೆ ಹೊಡೆಯದವರು ಯಾರಾದರೂ ಇದ್ರೆ ಕೈ ಎತ್ತಿ" ಎಂದರು.

ಅಧ್ಯಕ್ಷರು ಆಫೀಸಿನಲ್ಲಿರುವ ಬೀಗದ ಕೈ ಎಲ್ಲಿದೆ ಎಂಬುದೇ ತಮಗೆ ಗೊತ್ತಿಲ್ಲ ಎನ್ನುತ್ತ ಕೈ ಎತ್ತಿದರು. ಬೇರೆ ಯಾರೂ ಎತ್ತಲಿಲ್ಲ. ಅತ್ತೆ ಯಾರ ಮುಖವನ್ನೂ ನೋಡದೆ ಬೆಣೆಯನ್ನು ತಿರುಗಿಸುತ್ತ ಕಾದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಇಲ್ಲಿ ಹೆಗಲು ಮುಟ್ಟಿಕೊಳ್ಳದೆ ಕೂರುವುದು ಎಷ್ಟು ಕಷ್ಟ ಎಂಬುದನ್ನೂ ಕಂಡೆ. ಕೊನೆಗೆ ಹೆಡ್ ಮೇಡಂ ಕೈ ಮೇಲೆ ಬಂತು. ಪೂರ್ತಿ ಅಲ್ಲ, ಉತ್ತರ ಸರಿಯೋ ತಪ್ಪೋ ಗೊತ್ತಿಲ್ಲದ ಮಕ್ಕಳು ಎತ್ತುವ ಹಾಗೆ, ಕಿವಿಯ ತನಕ.

"ನಾನು" ಎಂದರು. "ಅವಳು ಯಾಕೆ ಮೊಳೆ ಅಂತೀರಿ ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳು ನಕ್ಕರು. ಎಲ್ಲರೂ ಹೋದ ಮೇಲೆ ಬಂದು ಒಂದನ್ನ ಕೆಳಗಿಂದ ತಟ್ಟಿ ತೆಗೆದು ನೋಡ್ದೆ. ಕೆಳಗಿಂದಲೇ ತಟ್ಟಿ ಹಾಕ್ದೆ. ಗಟ್ಟಿಯಾಯ್ತು ಅಂದ್ಕೊಂಡೆ. ನಿನ್ನೆ ಬೆಳಗ್ಗೆ ನೋಡಿದ ಕೂಡಲೇ ಗೊತ್ತಾಯ್ತು." ಅವರ ದನಿ ಇಳಿಯಿತು. "ಮಗು ಒಂದು ಮಾತು ತಪ್ಪಾಯ್ತು ಅಂದುಬಿಟ್ರೆ ಮುಗಿಯತ್ತೆ ಅಂತ ನನಗೆ ನಾನೇ ಹೇಳಿಕೊಂಡೆ. ಆ ಒಂದು ಮಾತನ್ನ ನಾನು ಹೇಳಬೇಕಿತ್ತು."

ನಾನು ಮೆಚ್ಚಿದ್ದ ಹೆಂಗರುಳು ನೆನಪಾಗಿ ನನಗೆ ಸಿಟ್ಟೇ ಬಂತು. ಏನೋ ಹೇಳಲು ಬಾಯಿ ತೆರೆದೆ. ಅತ್ತೆ ಮೊಣಕೈಯಿಂದ ನನ್ನನ್ನು ತಿವಿದರು.

ಹೆಡ್ ಮೇಡಂ ಎದ್ದು ದರ್ಜಿಯ ಹತ್ತಿರ ಹೋಗಿ, ನಿಮ್ಮ ಮಗಳ ಮೇಲೆ ನನ್ನ ತಪ್ಪು ಹೊರಿಸಿದೆ, ಕ್ಷಮಿಸಿ ಎಂದರು. ಆಮೇಲೆ ಯಾಕಮ್ಮನ ಮುಂದೆ, ಅವಳ ಎತ್ತರಕ್ಕೆ ಬಗ್ಗಿ ಕೂತು, ಅದನ್ನೇ ಇನ್ನೊಮ್ಮೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. ಅವಳ ತುಟಿ ಎರಡು ಸಲ ಅಲ್ಲಾಡಿ ನಿಂತಿತು.

"ಯಾಕೆ ಮೇಡಂ," ಎಂದಳು ಕೊನೆಗೆ, "ಯಾಕೆ ನನ್ನನ್ನೇ ಕೇಳಲಿಲ್ಲ? ನಾನು ತೋರಿಸ್ಕೊಡ್ತಿದ್ನಲ್ಲ."

ಬಾಗಿಲ ಹತ್ತಿರ ದರ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ಕಣ್ಣಿಗೂ ಮರಳು ಗಡಿಯಾರದ ಧೂಳು ಬಿದ್ದಿರಬೇಕು.

"ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು" ಎಂದರು ಹೆಡ್ ಮೇಡಂ.

ಯಾಕಮ್ಮ ಮೂಲೆಯಿಂದ ಕೊಡತಿ ತಂದು ಅವರ ಕೈಗೆ ಕೊಟ್ಟಳು. ಮಕ್ಕಳು ಹಲಗೆ ಎತ್ತಿ ಹಿಡಿದರು, ನಾನು ಹೆಗಲು ಕೊಟ್ಟೆ, ನಾಲಿಗೆ ಕಂಡಿಯಲ್ಲಿ ತೂರಿತು. ಹುಡುಗಿ ಬೆಣೆಯ ಚೂಪು ತುದಿಯನ್ನು ಮೇಲಿನಿಂದ ಇಟ್ಟು ಹಿಡಿದುಕೊಂಡು, ಹೊಡೀರಿ, ನನ್ನ ಬೆರಳು ಬಿಟ್ಟು ಹೊಡೀರಿ ಎಂದಳು. ಗಣಿತದ ಮೇಷ್ಟ್ರು ತಮಗೆ ಅರಿವಿಲ್ಲದೆ ತಮ್ಮ ಹೆಬ್ಬೆರಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಮೊದಲ ಏಟು ವಾರೆಯಾಯಿತು. ಮುಂದಿನವು ಆಗಲಿಲ್ಲ.

ಅಧ್ಯಕ್ಷರು ಕಪಾಟನ್ನು ಅಲ್ಲಾಡಿಸಿ ನೋಡಿದರು. ಬೀಗದ ಕೈ ಯಾರ ಹತ್ತಿರ ಇತ್ತೋ ಅವರ ಹತ್ತಿರವೇ ಇರಲಿ, ಮಂಡಳಿಗೆ ಏನು ಹೇಳಬೇಕೋ ನಾನು ಹೇಳುತ್ತೇನೆ ಎಂದರು. ಮರಳು ಗಡಿಯಾರದವನ ಹತ್ತಿರ ಹೋಗಿ ಒಪ್ಪಿಕೊಳ್ಳುವ ಕೆಲಸ ಹೆಡ್ ಮೇಡಂದು ಎಂದೂ ಸೇರಿಸಿದರು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಅತ್ತೆ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ಮೇಲೆ ಹೋಗಿ."

ನಾನು ದೊಡ್ಡ ಮಕ್ಕಳನ್ನೆಲ್ಲ ಮಹಡಿಗೆ ಹತ್ತಿಸಿ ಸಾಲು ನಿಲ್ಲಿಸಿದೆ, ಸೀಟಿ ಊದಿದೆ. ಹಲಗೆಯ ನೆಲ ದಡದಡ ಅದುರಿತು. ಹಿಂದೆಂದೂ ಅಷ್ಟು ಹುರುಪಿನಿಂದ ಕುಣಿಸಿದವನಲ್ಲ ನಾನು. ಒಂದು ಕ್ಷಣ ನಿಲ್ಲಿಸಿ ಕಿವಿಗೊಟ್ಟೆ. ಕೆಳಗೆ ಏನೂ ಕಳಚಿದ ಸದ್ದಿಲ್ಲ. ಆಮೇಲೆ ಮೆಟ್ಟಿಲ ಬುಡದಿಂದ ಯಾಕಮ್ಮನ ದನಿ ಕೇಳಿಸಿತು.

"ಯಾಕೆ ನಿಲ್ಲಿಸಿದ್ರಿ ಸರ್?"